ಕಂಪ್ಯೂಟರ್ ಎಲ್ಲಿ ಕಾಯುತ್ತಿದೆ ಎಂದು ನೋಡಿದ ಮೇಲೆ

ಹೊಸ ಕಂಪ್ಯೂಟರನ್ನು ನಾನೇ ಜೋಡಿಸಿಕೊಳ್ಳಬೇಕೆಂದು ನಿರ್ಧರಿಸಿದಾಗ ಬೇಕಾದ ಭಾಗಗಳ ಪಟ್ಟಿಯೊಂದು ನನ್ನ ಕೈಯಲ್ಲಿ ಆಗಲೇ ಸಿದ್ಧವಾಗಿತ್ತು. ಅದರ ಮೊದಲ ಸಾಲಿನಲ್ಲಿ 16 ಕೋರ್‌ಗಳಿರುವ, ಅಂದರೆ ಒಟ್ಟಿಗೆ ದುಡಿಯುವ 16 ಲೆಕ್ಕಾಚಾರದ ಘಟಕಗಳಿರುವ, ಇಂಟೆಲ್ ಕೋರ್ ಐ7-13700ಕೆಎಫ್ ಪ್ರೊಸೆಸರ್ ಇತ್ತು. ಪಾಠದ ವಿಡಿಯೊಗಳನ್ನು ಸಂಕಲಿಸುವುದು ನನ್ನ ಕೆಲಸ. ಹಳೆಯ ಯಂತ್ರದಲ್ಲಿ ಚಿತ್ರ ತಡೆತಡೆದು ಓಡುತ್ತಿತ್ತು, ಆದ್ದರಿಂದ ಪ್ರೊಸೆಸರ್ ಸಾಲದು ಎಂದು ನಾನು ಯಾವ ಪರೀಕ್ಷೆಯನ್ನೂ ಮಾಡದೆ ನಂಬಿಕೊಂಡಿದ್ದೆ. ಪಟ್ಟಿಯಲ್ಲಿದ್ದ ವಸ್ತುಗಳನ್ನು ಕೊಳ್ಳುವ ಮುನ್ನ ಒಂದು ವಾರ ತಡೆದು, ಹಳೆಯ ಯಂತ್ರದಲ್ಲಿ, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ಗೆರೆಗಳಲ್ಲಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ನಾನು ಕಾಯುವ ಪ್ರತಿ ಸಲವೂ ಯಾವ ಗೆರೆ ಮೇಲೇರಿದೆ ಎಂದು ಗುರುತು ಹಾಕಿಕೊಂಡೆ. ಆ ಒಂದು ವಾರದ ಟಿಪ್ಪಣಿ ನನ್ನ ಪಟ್ಟಿಯ ಅರ್ಧದಷ್ಟನ್ನು ಬದಲಾಯಿಸಿತು.

ಕಂಡದ್ದು ಎರಡು ಸಂಗತಿಗಳು. ಮೊದಲನೆಯದು, ಯಂತ್ರ ಅತಿ ಹೆಚ್ಚು ಹೊತ್ತು ನಿಧಾನವಾಗಿರುತ್ತಿದ್ದ ಸಮಯದಲ್ಲಿ ಪ್ರೊಸೆಸರಿನ ಗೆರೆ ಅರ್ಧಕ್ಕಿಂತ ಕೆಳಗೇ ಇರುತ್ತಿತ್ತು. 16 ಜಿಬಿ ರ‍್ಯಾಮ್ ಮಾತ್ರ ತುಂಬಿ, ಹಾರ್ಡ್ ಡಿಸ್ಕಿನ ಗೆರೆ ನೂರಕ್ಕೆ ಅಂಟಿಕೊಂಡಿರುತ್ತಿತ್ತು. ರ‍್ಯಾಮಿನಲ್ಲಿ ಜಾಗ ಸಾಲದೆ ಹೋದಾಗ ಆಪರೇಟಿಂಗ್ ಸಿಸ್ಟಂ ತತ್ಕಾಲಕ್ಕೆ ಬೇಡವಾದದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಈ ಹೋಗಿಬರುವ ಕೆಲಸ ಎಷ್ಟು ನಿಧಾನವೆಂದರೆ, ಅಂಥ ಯಂತ್ರಕ್ಕೆ ಎಷ್ಟು ಬಲವಾದ ಪ್ರೊಸೆಸರ್ ಕೊಟ್ಟರೂ ಅದು ಕೈಕಟ್ಟಿ ಕೂರುತ್ತದೆ. ಎರಡನೆಯದು, ಸಂಕಲನಕ್ಕೆ ಮುನ್ನ ಮೂಲ ದೃಶ್ಯವನ್ನು ಸುಮ್ಮನೆ ಓಡಿಸಿ ನೋಡುವಾಗ ಮಾತ್ರ ಪ್ರೊಸೆಸರ್ ನಿಜಕ್ಕೂ ದಣಿಯುತ್ತಿತ್ತು. ಏನೂ ಮಾಡದೆ ಬರಿದೇ ನೋಡುವಾಗ ಏಕೆ ದಣಿಯಬೇಕು ಎಂಬ ಪ್ರಶ್ನೆಯ ಬೆನ್ನು ಹತ್ತಿದಾಗ ಕಾರಣ ಕ್ಯಾಮೆರಾದಲ್ಲಿ ಸಿಕ್ಕಿತು.

ನನ್ನ ಕ್ಯಾಮೆರಾ ಎಚ್‌ಇವಿಸಿ ಎಂಬ, ದೃಶ್ಯವನ್ನು ಒತ್ತಿ ಚಿಕ್ಕದಾಗಿಸುವ ವಿಧಾನದಲ್ಲಿ, 10 ಬಿಟ್ 4:2:2 ರೂಪದಲ್ಲಿ ದೃಶ್ಯವನ್ನು ದಾಖಲಿಸುತ್ತದೆ. ಅಂದರೆ ಪ್ರತಿಯೊಂದು ಬಿಂದುವಿನ ಬೆಳಕನ್ನು ಪೂರ್ತಿಯಾಗಿಯೂ ಬಣ್ಣವನ್ನು ಅಡ್ಡಸಾಲಿನ ಎರಡು ಬಿಂದುಗಳಿಗೆ ಒಂದರಂತೆಯೂ ಹಿಡಿದಿಟ್ಟು, ಎಲ್ಲವನ್ನೂ ಬಿಗಿಯಾಗಿ ಒತ್ತಿ ಕಡತವಾಗಿಸುತ್ತದೆ. ಈ ಕಡತವನ್ನು ಬಿಚ್ಚಲು ಅದಕ್ಕೆಂದೇ ಮಾಡಿದ ವಿದ್ಯುನ್ಮಂಡಲ ಇಲ್ಲದಿದ್ದರೆ ಪ್ರೊಸೆಸರ್ ತನ್ನ ಸಾಮಾನ್ಯ ಕೋರ್‌ಗಳಿಂದಲೇ ಬಿಚ್ಚಬೇಕು. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳಿಗೆ 4:2:2 ಬಿಚ್ಚುವ ಸಾಮರ್ಥ್ಯ ಬಂದದ್ದು 2025ರಲ್ಲಿ, ಆರ್‌ಟಿಎಕ್ಸ್ 50 ಸರಣಿಯಲ್ಲಿ. ಆದರೆ ಇಂಟೆಲ್‌ನ 11ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಂದೀಚೆಗೆ ಅವುಗಳೊಳಗೇ ಇರುವ ಪುಟ್ಟ ಗ್ರಾಫಿಕ್ಸ್ ಭಾಗ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ; ನಾವು ಬಳಸುವ ಸಂಕಲನ ತಂತ್ರಾಂಶ ಅದನ್ನು ಬಳಸಿಕೊಳ್ಳುವಂತಿದ್ದರೆ ಆಯಿತು. ನನ್ನ ಪಟ್ಟಿಯ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಎಂಬ ಅಕ್ಷರವಿತ್ತು. ಇಂಟೆಲ್‌ನ ಹೆಸರುಗಳಲ್ಲಿ ಆ ಅಕ್ಷರದ ಅರ್ಥ, ಒಳಗಿನ ಗ್ರಾಫಿಕ್ಸ್ ಭಾಗ ಇಲ್ಲ ಎಂದು. ನನಗೆ ಅತ್ಯಗತ್ಯವಾಗಿದ್ದ ಒಂದೇ ಒಂದು ಭಾಗವನ್ನು ತೆಗೆದುಹಾಕಿರುವ ಪ್ರೊಸೆಸರಿಗೆ ನಾನು ಹೆಚ್ಚಿನ ಹಣ ತೆರಲು ಹೊರಟಿದ್ದೆ.

ಹೀಗಾಗಿ ಕೊನೆಗೆ ಕೊಂಡದ್ದು ಕೋರ್ ಐ5-13500. ಇದರಲ್ಲಿ 14 ಕೋರ್‌ಗಳಿವೆ, ಒಳಗೆ ಯುಎಚ್‌ಡಿ 770 ಗ್ರಾಫಿಕ್ಸ್ ಇದೆ. ಉಳಿದ ಹಣ 64 ಜಿಬಿ ರ‍್ಯಾಮಿಗೂ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕಾದ 2 ಟಿಬಿ ಎಸ್‌ಎಸ್‌ಡಿಗೂ ಹೋಯಿತು.

ಇದೇ ಸಮಯದಲ್ಲಿ ಅಣ್ಣನ ಮಗಳಿಗೂ ಒಂದು ಕಂಪ್ಯೂಟರ್ ಜೋಡಿಸಿಕೊಡುವ ಪ್ರಸಂಗ ಬಂತು. ಅವಳಿಗೆ ಬೇಕಾಗಿದ್ದುದು ಆಟ ಆಡಲು ಮತ್ತು ಪ್ರೋಗ್ರಾಮಿಂಗ್ ಕಲಿಯಲು ಒಂದು ಯಂತ್ರ. "ಅತ್ತೆ, ನಿಮ್ಮದರ ಹಾಗೇ ಇನ್ನೊಂದು ಮಾಡಿ, ಸಾಕು" ಎಂದಳು. ನನ್ನದನ್ನೇ ಮತ್ತೆ ಮಾಡಿಕೊಟ್ಟಿದ್ದರೆ ಅವಳ ಹಣ ಪೂರ್ತಿ ತಪ್ಪು ಜಾಗದಲ್ಲಿ ಖರ್ಚಾಗುತ್ತಿತ್ತು. ಆಟದ ಯಂತ್ರದಲ್ಲಿ ಮೊದಲು ನಿರ್ಧಾರವಾಗಬೇಕಾದದ್ದು ಪರದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಗ್ರಾಫಿಕ್ಸ್ ಕಾರ್ಡಿನ ದುಡಿಮೆಯನ್ನು ಅಳೆಯುವುದು ಪರದೆಯೇ. 1920×1080 ಬಿಂದುಗಳ ಪರದೆಯಲ್ಲಿ ಒಂದು ಚಿತ್ರಕ್ಕೆ ಸುಮಾರು 20.7 ಲಕ್ಷ ಬಿಂದುಗಳು. 2560×1440 ಆದರೆ ಸುಮಾರು 36.9 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ, ಅಂದರೆ ಮೊದಲನೆಯದರ ಸರಿಯಾಗಿ ನಾಲ್ಕು ಪಟ್ಟು. ಇನ್ನು ವೇಗದ ಲೆಕ್ಕ ಬೇರೆ. ಪರದೆ 60 ಹರ್ಟ್ಸ್‌ನದಾದರೆ, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವುದಾದರೆ, ಒಂದೊಂದು ಚಿತ್ರ ಬಿಡಿಸಲು ಕಾರ್ಡಿಗೆ 16.7 ಮಿಲಿಸೆಕೆಂಡು ಸಿಗುತ್ತದೆ. 144 ಹರ್ಟ್ಸ್ ಆದರೆ ಏಳು ಮಿಲಿಸೆಕೆಂಡೂ ಸಿಗುವುದಿಲ್ಲ, ಮತ್ತು ಅಷ್ಟರೊಳಗೆ ಆಟದ ಲೆಕ್ಕಾಚಾರವನ್ನು ಮುಗಿಸಿಕೊಡಬೇಕಾದ ಪ್ರೊಸೆಸರಿನ ಮೇಲೂ ಒತ್ತಡ ಬೀಳುತ್ತದೆ. ಅವಳ ಬಳಿ 1920×1080ರ 144 ಹರ್ಟ್ಸ್ ಪರದೆ ಆಗಲೇ ಇತ್ತು. ಅದಕ್ಕೆ ತಕ್ಕಂತೆ ಆರು ಕೋರ್‌ಗಳ ಎಎಂಡಿ ರೈಜನ್ 5 7600, ಆರ್‌ಟಿಎಕ್ಸ್ 4060 ಕಾರ್ಡ್, 32 ಜಿಬಿ ರ‍್ಯಾಮ್ ಎಂದು ಗೊತ್ತುಮಾಡಿದೆವು. ಆ ಕಾರ್ಡಿನಲ್ಲಿರುವುದು 8 ಜಿಬಿ ಮೆಮೊರಿ. ಅವಳು ಮುಂದೆ 1440ರ ಪರದೆಗೆ ಹೋಗುವವಳಾಗಿದ್ದರೆ ನಾನು ಅದನ್ನು ಒಪ್ಪುತ್ತಿರಲಿಲ್ಲ, ಏಕೆಂದರೆ ಕಾರ್ಡಿನ ಮೆಮೊರಿ ತುಂಬಿದ ಮೇಲೆ ಆಟ ನಿಧಾನವಾಗುವುದಷ್ಟೇ ಅಲ್ಲದೆ ಮುಗ್ಗರಿಸುತ್ತದೆ, ಮತ್ತು ಆ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ.

ಅವಳಿಗೆ ಎಎಂಡಿ ಆರಿಸಲು ಇನ್ನೊಂದು ಕಾರಣ ಸಾಕೆಟ್, ಅಂದರೆ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಬೋರ್ಡಾದ ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ. 2017ರಲ್ಲಿ ಮೊದಲ ರೈಜನ್ ಜೊತೆ ಜನಪ್ರಿಯವಾದ ಎಎಂ4 ಸಾಕೆಟ್ಟಿಗೆ 2024ರಲ್ಲಿಯೂ ಹೊಸ ಪ್ರೊಸೆಸರ್‌ಗಳು ಬಂದವು. 2022ರಲ್ಲಿ ಬಂದ ಎಎಂ5ಕ್ಕೂ ದೀರ್ಘ ಆಯುಷ್ಯ ಕೊಡುವುದಾಗಿ ಎಎಂಡಿ ಹೇಳಿದೆ. ಕಲಿಯುವ ಹುಡುಗಿ ನಾಲ್ಕು ವರ್ಷದ ನಂತರ ಮದರ್‌ಬೋರ್ಡನ್ನು ಹಾಗೆಯೇ ಉಳಿಸಿಕೊಂಡು ಪ್ರೊಸೆಸರ್ ಒಂದನ್ನೇ ಬದಲಿಸುವ ಅವಕಾಶ ಇರಲಿ ಎಂದು ನನಗೆ ಅನಿಸಿತು. ನನ್ನ ಎಲ್‌ಜಿಎ 1700 ಸಾಕೆಟ್ 2021ರಲ್ಲಿ ಬಂದು, 2024ರ ಕೊನೆಗೆ ಎಲ್‌ಜಿಎ 1851ಕ್ಕೆ ಜಾಗ ಬಿಟ್ಟುಕೊಟ್ಟಿತು. ಅದು ಗೊತ್ತಿದ್ದೂ 4:2:2 ಬಿಚ್ಚುವ ಒಳಗಿನ ಗ್ರಾಫಿಕ್ಸ್ ಭಾಗಕ್ಕಾಗಿ ನಾನು ಅದನ್ನೇ ಆರಿಸಿಕೊಂಡೆ.

ಭಾಗಗಳು ಪರಸ್ಪರ ಒಪ್ಪುತ್ತವೆಯೇ ಎಂದು ನೋಡದೆ ಕೊಂಡರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗುತ್ತದೆ. ಆದರೂ ಬೇರೆ ಬೇರೆ ಕಂಪನಿಗಳು ಮಾಡಿದ ಎಂಟು ಹತ್ತು ಭಾಗಗಳು ಒಂದು ಪೆಟ್ಟಿಗೆಯಲ್ಲಿ ಸೇರಿ ಕೆಲಸ ಮಾಡುತ್ತವೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. 1981ರ ಐಬಿಎಂ ಪಿಸಿ ತನ್ನ ಒಳವಿನ್ಯಾಸದ ವಿವರಗಳನ್ನು ಪ್ರಕಟಿಸಿ, ಯಾರು ಬೇಕಾದರೂ ಕಾರ್ಡ್ ಮಾಡಿ ಸಿಕ್ಕಿಸಬಹುದಾದ ಸ್ಲಾಟ್‌ಗಳನ್ನು ಕೊಟ್ಟಿದ್ದರಿಂದ ಈ ದಾರಿ ತೆರೆಯಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆಯನ್ನು ಗೊತ್ತುಮಾಡಿತು: ಬೋರ್ಡು 305×244 ಮಿಲಿಮೀಟರ್, ತಿರುಪಿನ ರಂಧ್ರಗಳು ಇಂಥಲ್ಲಿ, ಹಿಂಬದಿಯ ಕಿಂಡಿ ಇಷ್ಟು ಎಂದು. ಇಂದಿನ ಎಟಿಎಕ್ಸ್ ಮದರ್‌ಬೋರ್ಡಿನ ರಂಧ್ರಗಳೂ ಅದೇ ಜಾಗದಲ್ಲಿವೆ. ಮೈಕ್ರೊ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಸಣ್ಣ ಬೋರ್ಡು ದೊಡ್ಡ ಕ್ಯಾಬಿನೆಟ್ಟಿನಲ್ಲಿ ಕೂರುತ್ತದೆ, ದೊಡ್ಡದು ಸಣ್ಣದರಲ್ಲಿ ಕೂರುವುದಿಲ್ಲ.

ರ‍್ಯಾಮ್ ವಿಷಯದಲ್ಲಿ ನಾನು ಯಾರಿಗಾದರೂ ಒಂದೇ ಮಾತು ಹೇಳಬಹುದಾದರೆ, ಒಟ್ಟು ಎಷ್ಟು ಬೇಕೋ ಅಷ್ಟನ್ನು ಎರಡು ಪಟ್ಟಿಗಳಲ್ಲಿ (ಸ್ಲಾಟಿನಲ್ಲಿ ಸಿಕ್ಕಿಸುವ ಉದ್ದನೆಯ ತುಂಡುಗಳಲ್ಲಿ) ಕೊಳ್ಳಿ ಎನ್ನುತ್ತೇನೆ. ಒಂದೇ ಪಟ್ಟಿಯಾದರೆ ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಇರುವ ಎರಡು ದಾರಿಗಳಲ್ಲಿ ಒಂದು ಖಾಲಿ ಉಳಿಯುತ್ತದೆ. ಆಮೇಲೆ ಇನ್ನೆರಡು ಸೇರಿಸೋಣ ಎಂಬ ಯೋಚನೆ ಹಿಂದಿನ ತಲೆಮಾರಿನ ಡಿಡಿಆರ್4 ಕಾಲದಲ್ಲಿ ಒಪ್ಪುತ್ತಿತ್ತು, ಅದರ ನಂತರದ ಡಿಡಿಆರ್5ರಲ್ಲಿ ಅಷ್ಟು ಒಪ್ಪುವುದಿಲ್ಲ. ಅವಳ ರೈಜನ್ 7600ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಪಟ್ಟಿಗಳಿದ್ದರೆ ಡಿಡಿಆರ್5-5200, ನಾಲ್ಕಿದ್ದರೆ 3600 ಮಾತ್ರ. ಡಿಡಿಆರ್4 ಮತ್ತು ಡಿಡಿಆರ್5 ಪಟ್ಟಿಗಳ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ. ಎಲ್‌ಜಿಎ 1700 ಬೋರ್ಡುಗಳಲ್ಲಿ ಎರಡೂ ಬಗೆಯವು ಮಾರುಕಟ್ಟೆಯಲ್ಲಿರುವುದರಿಂದ ಬೋರ್ಡಿನ ಪೂರ್ಣ ಹೆಸರನ್ನು ಕೊನೆಯ ಅಕ್ಷರದವರೆಗೆ ಓದಿ ಕೊಳ್ಳಬೇಕು.

ಎಸ್‌ಎಸ್‌ಡಿ ಆರಿಸುವುದು ಇವುಗಳ ಮುಂದೆ ಸುಲಭ. ಸಾಟಾ ಕೇಬಲ್ಲಿನ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಮದರ್‌ಬೋರ್ಡಿನ ಎಂ.2 ಸ್ಲಾಟಿನಲ್ಲಿ ನೇರವಾಗಿ ಕೂರುವ ಪಿಸಿಐಇ 4.0 ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಸುಮಾರು 7,000 ಎಂಬಿ ಓದಬಲ್ಲದು. ಆದರೆ ಸೆಕೆಂಡಿಗೆ 100 ಮೆಗಾಬಿಟ್ ಹರಿಯುವ 4ಕೆ ದೃಶ್ಯಕ್ಕೆ ಬೇಕಾದದ್ದು 12.5 ಎಂಬಿ ಅಷ್ಟೆ. ಹೀಗಾಗಿ ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗಿಂತ, ಒಂದೊಂದು ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿಯೋ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿಯೋ ಎಂಬುದನ್ನು ನಾನು ನೋಡುತ್ತೇನೆ. ದೊಡ್ಡ ಕಡತಗಳನ್ನು ಒಂದೇ ಸಮನೆ ಬರೆಯುವಾಗ ಕ್ಯೂಎಲ್‌ಸಿಯ ವೇಗ ನಡುವೆಯೇ ಕುಸಿಯುತ್ತದೆ. ಕೆಲವು ಬೋರ್ಡುಗಳಲ್ಲಿ ಒಂದು ಎಂ.2 ಸ್ಲಾಟ್ ಬಳಸಿದರೆ ಒಂದೆರಡು ಸಾಟಾ ಕಿಂಡಿಗಳು ಕೆಲಸ ನಿಲ್ಲಿಸುತ್ತವೆ ಎಂಬುದನ್ನೂ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಇನ್ನು ಗೋಡೆಯ ವಿದ್ಯುತ್ತನ್ನು ಭಾಗಗಳಿಗೆ ತಕ್ಕಂತೆ ಬದಲಿಸಿ ಹಂಚುವ ಎಸ್‌ಎಂಪಿಎಸ್. ಯಾರೂ ಹೆಮ್ಮೆಯಿಂದ ತೋರಿಸದ ಈ ಡಬ್ಬಿಯ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ, ಏಕೆಂದರೆ ನನ್ನ ಅತಿ ದೊಡ್ಡ ನಷ್ಟ ಇಲ್ಲಿಯೇ ಆದದ್ದು. ಎಷ್ಟು ವ್ಯಾಟ್ ಬೇಕು ಎಂಬ ಲೆಕ್ಕ ಕಷ್ಟದ್ದಲ್ಲ. ಅಣ್ಣನ ಮಗಳ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡ್ 115 ವ್ಯಾಟ್, ಪ್ರೊಸೆಸರ್ ಹೆಚ್ಚೆಂದರೆ 88 ವ್ಯಾಟ್, ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ ಸೇರಿ 60 ಎಂದು ಹಿಡಿದರೂ 263 ವ್ಯಾಟ್ ಆಗುತ್ತದೆ. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಾರ್ಧದಲ್ಲಿ ತಮ್ಮ ಮಿತಿಗಿಂತ ಹೆಚ್ಚು ಸೆಳೆಯುವುದುಂಟು. ಅದಕ್ಕೂ ಮುಂದಿನ ಬದಲಾವಣೆಗೂ ಜಾಗ ಬಿಟ್ಟು 550 ವ್ಯಾಟಿನದನ್ನು ಆರಿಸಿದೆವು. '80 ಪ್ಲಸ್' ಎಂಬ ಮುದ್ರೆ 2004ರಿಂದ ಬಳಕೆಯಲ್ಲಿದೆ. ಅದು ಹೇಳುವುದು ದಕ್ಷತೆಯನ್ನು ಮಾತ್ರ. ಯಂತ್ರಕ್ಕೆ 300 ವ್ಯಾಟ್ ಬೇಕಾಗಿ ಎಸ್‌ಎಂಪಿಎಸ್ ಶೇಕಡಾ 90ರಷ್ಟು ದಕ್ಷವಾಗಿದ್ದರೆ ಗೋಡೆಯಿಂದ ಸುಮಾರು 333 ವ್ಯಾಟ್ ಎಳೆಯುತ್ತದೆ, ಉಳಿದ 33 ವ್ಯಾಟ್ ಶಾಖವಾಗಿ ಹೋಗುತ್ತದೆ. ಒಳಗಿನ ಬಿಡಿಭಾಗಗಳು ಎಷ್ಟು ಗಟ್ಟಿ, ಏರುಪೇರಾದಾಗ ರಕ್ಷಣೆಯ ಮಂಡಲ ಕೆಲಸ ಮಾಡುತ್ತದೆಯೇ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಅದಕ್ಕೆ ಡಬ್ಬಿಯನ್ನು ಬಿಚ್ಚಿ ಅಳೆದು ಬರೆದ ವಿಮರ್ಶೆಗಳನ್ನೇ ಓದಬೇಕು.

ನನ್ನ ನಷ್ಟದ ಕಥೆ ಕೆಲವು ವರ್ಷಗಳ ಹಿಂದಿನದು. ಹಳೆಯ ಯಂತ್ರದ ಎಸ್‌ಎಂಪಿಎಸ್ ಕೆಟ್ಟಾಗ ಬೇರೊಂದು ಕಂಪನಿಯದನ್ನು ತಂದೆ. ಎರಡೂ ಮಾಡ್ಯುಲರ್ ಬಗೆಯವು, ಅಂದರೆ ಕೇಬಲ್ಲುಗಳನ್ನು ಎರಡೂ ತುದಿಯಲ್ಲಿ ಕಳಚಬಹುದಾದವು. ಹಳೆಯ ಕೇಬಲ್ಲುಗಳನ್ನು ಬೋರ್ಡಿನ ಹಿಂದೆ ಅಂದವಾಗಿ ಕಟ್ಟಿಟ್ಟಿದ್ದೆ. ಅವುಗಳನ್ನು ಬಿಚ್ಚಲು ಮನಸ್ಸಾಗದೆ, ಹಾರ್ಡ್ ಡಿಸ್ಕಿಗೆ ಹೋಗುವ ಕೇಬಲ್ಲನ್ನು ಹಾಗೆಯೇ ಬಿಟ್ಟು ಅದರ ಇನ್ನೊಂದು ತುದಿಯನ್ನು ಹೊಸ ಡಬ್ಬಿಗೆ ಸಿಕ್ಕಿಸಿದೆ. ಸರಿಯಾಗಿ ಕೂತಿತು. ಗುಂಡಿ ಒತ್ತಿದ ಕೂಡಲೇ ಚಿಟ್ ಎಂಬ ಸಣ್ಣ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಡಿಸ್ಕಿನ ಕಡೆಯ ತುದಿಗೆ ಎಲ್ಲರೂ ಒಪ್ಪಿದ ಅಳತೆಯಿದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ಒಪ್ಪಂದವೇ ಇಲ್ಲ, ಪ್ರತಿ ಕಂಪನಿಯೂ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾದರಿಗಳೂ ತಂತಿಗಳನ್ನು ಬೇರೆ ಬೇರೆ ಕ್ರಮದಲ್ಲಿ ಇಡುತ್ತವೆ. 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹೋಗಿತ್ತು. ಡಿಸ್ಕಿನಲ್ಲಿದ್ದುದರ ಪ್ರತಿ ಬೇರೆಡೆ ಇತ್ತಾದರೂ ಕೊನೆಯ ಎರಡು ತಿಂಗಳ ಕೆಲಸ ಅದರಲ್ಲಿರಲಿಲ್ಲ, ಅದು ಮರಳಿ ಬರಲೇ ಇಲ್ಲ. ಎಸ್‌ಎಂಪಿಎಸ್ ಬದಲಿಸುವವರು ಅದರ ಜೊತೆ ಬಂದ ಕೇಬಲ್ಲುಗಳನ್ನೇ ಬಳಸಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಕೂಲರ್ ಮತ್ತು ಕ್ಯಾಬಿನೆಟ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಈ ಎರಡೂ ಪ್ರೊಸೆಸರ್‌ಗಳಿಗೆ ಗಾಳಿಯ ಟವರ್ ಕೂಲರ್ ಧಾರಾಳವಾಗಿ ಸಾಕು. ಕೂಲರಿನ ಎತ್ತರ, ಗ್ರಾಫಿಕ್ಸ್ ಕಾರ್ಡಿನ ಉದ್ದ ಎರಡನ್ನೂ ಕ್ಯಾಬಿನೆಟ್ಟಿನ ಅಳತೆಯೊಂದಿಗೆ ತಾಳೆ ನೋಡಬೇಕು. ಮುಂಬದಿ ಗಾಜಿನದಾಗಿರದೆ ಜಾಲರಿಯದಾಗಿದ್ದರೆ ಗಾಳಿ ಸರಾಗವಾಗಿ ಒಳಬರುತ್ತದೆ.

ಜೋಡಿಸುವ ಕೆಲಸದಲ್ಲಿ ಎದೆ ಹೊಡೆದುಕೊಳ್ಳುವ ಗಳಿಗೆ ಒಂದೇ, ಪ್ರೊಸೆಸರನ್ನು ಸಾಕೆಟ್ಟಿನಲ್ಲಿ ಇಡುವುದು. ನನ್ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಸಾವಿರದ ಏಳುನೂರು ಕೂದಲೆಳೆಯಂಥ ಪಿನ್ನುಗಳು ಒಂದೇ ದಿಕ್ಕಿಗೆ ಬಾಗಿ ನಿಂತಿರುತ್ತವೆ. ಬೆಳಕಿಗೆ ಹಿಡಿದರೆ ಗಾಳಿಗೆ ವಾಲಿದ ಪೈರಿನಂತೆ ಹೊಳೆಯುತ್ತವೆ. ಪ್ರೊಸೆಸರಿನ ಮೂಲೆಯ ಸಣ್ಣ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಿಸಿ, ಅಂಚುಗಳಲ್ಲಿ ಹಿಡಿದು, ನೇರವಾಗಿ ಇಳಿಸಿ ಕೈಬಿಡಬೇಕು. ಒತ್ತುವ ಕೆಲಸವನ್ನು ಸಾಕೆಟ್ಟಿನ ಪಕ್ಕದ ಸನ್ನೆಕೋಲು ಮಾಡುತ್ತದೆ. ಸನ್ನೆಕೋಲನ್ನು ಕೆಳಗೆ ತರುವಾಗ ಅದು ಕಿರ್ ಎಂದು ನರಳುತ್ತದೆ, ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಪ್ಪನೆ ಎಗರುತ್ತದೆ. ಮೊದಲ ಬಾರಿಗೆ ಮಾಡುವವರು ಇಲ್ಲಿ ಹೆದರಿ ನಿಲ್ಲಿಸುತ್ತಾರೆ. ಆ ಸದ್ದು ಸಹಜವಾದದ್ದು. ಎಗರಿದ ಮುಚ್ಚಳವನ್ನು ಎಸೆಯದೆ ಇಟ್ಟುಕೊಳ್ಳಿ, ಬೋರ್ಡನ್ನು ರಿಪೇರಿಗೆ ಕಳಿಸಬೇಕಾಗಿ ಬಂದರೆ ಅದನ್ನು ಕೇಳುತ್ತಾರೆ. ಆಮೇಲೆ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್, ಬಟಾಣಿ ಗಾತ್ರದಷ್ಟು, ಅದರ ಮೇಲೆ ಕೂಲರ್. ಕೂಲರಿನ ತಳಕ್ಕೆ ಅಂಟಿಸಿರುವ ಪಾರದರ್ಶಕ ಹಾಳೆಯನ್ನು ಕೀಳಲು ಮಾತ್ರ ಮರೆಯಬಾರದು. ರ‍್ಯಾಮ್ ಪಟ್ಟಿಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ, ಕ್ಲಿಕ್ ಎಂಬ ಸದ್ದು ಕೇಳುವವರೆಗೆ ಒತ್ತಬೇಕು.

ಅಣ್ಣನ ಮಗಳ ಯಂತ್ರವನ್ನು ಮೊದಲ ಬಾರಿ ಚಾಲೂ ಮಾಡಿದಾಗ ಫ್ಯಾನ್‌ಗಳು ತಿರುಗಿದವು, ದೀಪಗಳು ಹೊತ್ತಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಬೋರ್ಡಿನ ಅಂಚಿನಲ್ಲಿ ರ‍್ಯಾಮ್ ಎಂದು ಸೂಚಿಸುವ ಹಳದಿ ದೀಪ ಉರಿಯುತ್ತಿತ್ತು. ಒಂದು ನಿಮಿಷ ಕಾದು ಆರಿಸಿದೆ, ಪಟ್ಟಿಗಳನ್ನು ತೆಗೆದು ಮತ್ತೆ ಹಾಕಿದೆ, ಮತ್ತೆ ಅದೇ. "ಅತ್ತೆ, ಕೆಟ್ಟುಹೋಯಿತಾ?" ಎಂದು ಕೇಳಿದಳು. ಮೂರನೆಯ ಸಲ ಕೈಪಿಡಿ ತೆರೆದಾಗ ತಿಳಿಯಿತು: ಹೊಸ ರ‍್ಯಾಮ್ ಹಾಕಿದ ಎಎಂ5 ಬೋರ್ಡು ಮೊದಲ ಬಾರಿ ಎಚ್ಚೆತ್ತಾಗ ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಸಂಕೇತಗಳ ಕಾಲವನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಹಲವು ನಿಮಿಷ ಹಿಡಿಯಬಹುದು. ನಾನು ಪ್ರತಿ ಸಲವೂ ಆ ಕೆಲಸವನ್ನು ನಡುವೆ ಕಡಿಯುತ್ತಿದ್ದೆ. ಈ ಸಲ ಇಬ್ಬರೂ ಕೈಕಟ್ಟಿ ಕುಳಿತೆವು. ಐದನೆಯ ನಿಮಿಷಕ್ಕೆ ಬೋರ್ಡಿನ ಹೆಸರು ಪರದೆಯ ಮೇಲೆ ಮೂಡಿತು.

ಬೋರ್ಡಿನಲ್ಲೇ ಇದ್ದು ಯಂತ್ರವನ್ನು ಎಚ್ಚರಿಸುವ ತಂತ್ರಾಂಶವಾದ ಬಯಾಸ್ ಒಳಗೆ ಹೋಗಿ ಮಾಡಬೇಕಾದ ಕೆಲಸಗಳು ಎರಡಿದ್ದವು. 6000 ವೇಗದ್ದೆಂದು ಕೊಂಡ ರ‍್ಯಾಮ್ ತಾನಾಗಿ 4800ರಲ್ಲಿಯೇ ಓಡುತ್ತದೆ; ಎಎಂಡಿ ಬೋರ್ಡಿನಲ್ಲಿ ಎಕ್ಸ್‌ಪೋ, ಇಂಟೆಲ್ ಬೋರ್ಡಿನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಿದ ಮೇಲಷ್ಟೇ ಹೇಳಿದ ವೇಗಕ್ಕೆ ಬರುತ್ತದೆ. ಎರಡನೆಯದು ಬಯಾಸನ್ನೇ ಹೊಸದಾಗಿಸುವುದು. 2024ರಲ್ಲಿ ಇಂಟೆಲ್ ತನ್ನ 13 ಮತ್ತು 14ನೇ ತಲೆಮಾರಿನ ಹಲವು ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿವೆ ಎಂದು ಒಪ್ಪಿಕೊಂಡು, ಪರಿಹಾರವನ್ನು ಬಯಾಸ್ ಮೂಲಕವೇ ಹಂಚಿತ್ತು, ಇದನ್ನು ಮುಂದೂಡಬಾರದು.

ವಾರದ ನಂತರ ಅಣ್ಣನ ಮಗಳು ಫೋನ್ ಮಾಡಿ ಆಟ ನಿಧಾನವಾಗಿದೆ ಎಂದಳು. ಹೋಗಿ ನೋಡಿದರೆ, ಮೇಜು ಸರಿಸುವಾಗ ಕಳಚಿದ ಪರದೆಯ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕದೆ ಮದರ್‌ಬೋರ್ಡಿನ ಕಿಂಡಿಗೆ ಹಾಕಿದ್ದಳು. ರೈಜನ್ 7600ರ ಒಳಗೂ ಒಂದು ಪುಟ್ಟ ಗ್ರಾಫಿಕ್ಸ್ ಭಾಗ ಇರುವುದರಿಂದ ಪರದೆಯಲ್ಲಿ ಚಿತ್ರ ಬರುತ್ತಲೇ ಇತ್ತು, ಅನುಮಾನಕ್ಕೆ ಎಡೆಯಿರಲಿಲ್ಲ. ಕೇಬಲ್ ಬದಲಿಸಿದೆವು. ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ 60 ಎಂದಿದ್ದ ಹರ್ಟ್ಸನ್ನು 144ಕ್ಕೆ ಏರಿಸಿದೆವು. ಮೌಸಿನ ಬಾಣ ಪರದೆಯ ಮೇಲೆ ಜಾರುವ ರೀತಿಯಲ್ಲೇ ವ್ಯತ್ಯಾಸ ಕಂಡು ಅವಳು ಅದನ್ನು ಅತ್ತಿತ್ತ ಆಡಿಸುತ್ತಾ ಕುಳಿತಳು.

ಮನೆಗೆ ಬಂದು ನನ್ನ ಯಂತ್ರದಲ್ಲಿಯೂ ಟಾಸ್ಕ್ ಮ್ಯಾನೇಜರ್ ತೆರೆದೆ. ಇಪ್ಪತ್ತು ನಿಮಿಷದ ಪಾಠವೊಂದು ಅಂತಿಮ ರೂಪಕ್ಕೆ ಬರುತ್ತಿತ್ತು. 64 ಜಿಬಿಯಲ್ಲಿ 41 ಬಳಕೆಯಲ್ಲಿತ್ತು, ಎಸ್‌ಎಸ್‌ಡಿಯ ಗೆರೆ ನೆಲಕ್ಕೆ ಹತ್ತಿಕೊಂಡಿತ್ತು, ದೃಶ್ಯ ಬಿಚ್ಚುವ ಕೆಲಸ ಯುಎಚ್‌ಡಿ 770ರ ಗೆರೆಯಲ್ಲಿ ಕಾಣುತ್ತಿತ್ತು. ಪ್ರೊಸೆಸರಿನ ಹದಿನಾಲ್ಕೂ ಕೋರ್‌ಗಳು ನೂರರಲ್ಲಿ ಓಡುತ್ತಿದ್ದವು. ಈಗ ಯಂತ್ರ ಕಾಯುತ್ತಿರುವುದು ಅಲ್ಲಿ. ಇನ್ನೊಂದು ಭಾಗ ಬದಲಿಸುವ ದಿನ ಬಂದಾಗ ಪಟ್ಟಿಯ ಮೊದಲ ಸಾಲಿನಲ್ಲಿ ಪ್ರೊಸೆಸರನ್ನು ಧೈರ್ಯವಾಗಿ ಬರೆಯುತ್ತೇನೆ.